ಲೆಕ್ಕ ಯಾರಿಗೆ ಒಪ್ಪಿಸಬೇಕು?

ಸರ್ಕಾರದ ಸುತ್ತೋಲೆಗಳಲ್ಲಿಯೂ ಪತ್ರಿಕೆಗಳ ವರದಿಗಳಲ್ಲಿಯೂ ಮತ್ತೆ ಮತ್ತೆ ಕಾಣುವ ಒಂದು ಶಬ್ದ ‘ಫಲಾನುಭವಿ’. ಮನೆಯಿಲ್ಲದವನಿಗೆ ಮನೆ ಮಂಜೂರಾದರೆ ಅವನು ಫಲಾನುಭವಿ. ವಿಧವೆಗೆ ಪಿಂಚಣಿ ಬಂದರೆ ಆಕೆ ಫಲಾನುಭವಿ. ಶಾಲೆಯಲ್ಲಿ ಮಗುವಿಗೆ ಒಂದು ಲೋಟ ಹಾಲು ಕೊಟ್ಟರೆ ಆ ಮಗುವೂ ಫಲಾನುಭವಿಯೇ. ಭಾಷೆಯ ಮೇಷ್ಟರಾಗಿ ಬಾಳಿದವರಿಗೆ ಶಬ್ದಗಳನ್ನು ಬಿಡಿಸಿ ನೋಡುವ ಚಾಳಿ ಸುಲಭವಾಗಿ ಬಿಡುವುದಿಲ್ಲ. ಫಲವನ್ನು ಅನುಭವಿಸುವವನು ಫಲಾನುಭವಿ. ಗಿಡ ನೆಟ್ಟವನು ಬೇರೆ, ನೀರೆರೆದವನು ಬೇರೆ, ಯಾವ ಗಿಡವನ್ನು ನೆಡಬೇಕೆಂದು ಗೊತ್ತುಮಾಡಿದವನು ಇನ್ನೂ ಬೇರೆ. ಹಣ್ಣು ಹುಳಿಯಾಗಿದ್ದರೆ ಫಲಾನುಭವಿಯು ಮಾಡಬಹುದಾದದ್ದು ಅರ್ಜಿ ಬರೆಯುವುದೊಂದೇ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಸರ್ಕಾರವು ಕರ್ತೃ, ಯೋಜನೆಯು ಕರ್ಮ, ಜನರು ಸಂಪ್ರದಾನ. ಚತುರ್ಥೀ ವಿಭಕ್ತಿಯಲ್ಲಿ ಕೈಯೊಡ್ಡಿ ನಿಂತವರು.

ಈ ವಾಕ್ಯದಲ್ಲಿ ಜನರನ್ನು ಕರ್ತೃಸ್ಥಾನಕ್ಕೆ ತರುವ ಪ್ರಯತ್ನ ನಮ್ಮ ದೇಶದಲ್ಲಿ ಹಲವು ಸಲ ನಡೆದಿದೆ. ಅಧಿಕಾರ ವಿಕೇಂದ್ರೀಕರಣ, ಪಂಚಾಯತ್ ರಾಜ್ಯ, ಗ್ರಾಮ ಸ್ವರಾಜ್ಯ ಎಂದು ಅದಕ್ಕೆ ಹಲವು ಹೆಸರುಗಳು. ಹೆಸರುಗಳು ದೊಡ್ಡವು, ಅವುಗಳ ಹಿಂದಿರುವ ಪ್ರಶ್ನೆಗಳು ಮಾತ್ರ ಮನೆಮಾತಿನವು. ಊರಿನ ಶಾಲೆಯ ಮಾಡು ಸೋರಿದರೆ ಯಾರನ್ನು ಕೇಳಬೇಕು? ಕೇಳಿದವರಿಗೆ ಉತ್ತರ ಹೇಳಲೇಬೇಕೆಂಬ ಕಟ್ಟು ಆ ಮನುಷ್ಯನಿಗೆ ಇದೆಯೆ? ಖರ್ಚಾದ ಹಣದ ಲೆಕ್ಕವನ್ನು ಅವನು ಒಪ್ಪಿಸುವುದು ಮೇಲಿನವರಿಗೋ, ಊರಿನವರಿಗೋ? ನನಗೆ ತೋರುವಂತೆ ವಿಷಯದ ಗಂಟು ಈ ಕೊನೆಯ ಪ್ರಶ್ನೆಯಲ್ಲಿದೆ. ಅದನ್ನೇ ಹಿಡಿದುಕೊಂಡು ಕೇಳುಗರೊಡನೆ ಸ್ವಲ್ಪ ದೂರ ಹಿಂದಕ್ಕೂ ಸ್ವಲ್ಪ ದೂರ ಮುಂದಕ್ಕೂ ನಡೆಯಬೇಕೆಂದಿದ್ದೇನೆ.

ಹಳೆಯ ಕಾಲದಲ್ಲಿ ಊರುಗಳು ತಮ್ಮ ಕೆಲಸವನ್ನು ತಾವೇ ನೋಡಿಕೊಳ್ಳುತ್ತಿದ್ದುವೆಂದು ನಾವು ಹೆಮ್ಮೆಯಿಂದ ಹೇಳುವುದುಂಟು. ಶಾಸನಗಳಲ್ಲಿ ಇದಕ್ಕೆ ಆಧಾರವಿದೆ. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪೊರಿಗೆರೆ. ಅಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಒಂದು ‘ಆಚಾರವ್ಯವಸ್ಥೆ’ಯನ್ನು ಕಲ್ಲಿನಲ್ಲಿ ಬರೆಯಿಸಿಕೊಟ್ಟಿದ್ದಾನೆ. ಕನ್ನಡದಲ್ಲಿರುವ ಈ ಶಾಸನವು ಪ್ರಜೆಗಳ ಕರ್ತವ್ಯವನ್ನಷ್ಟೇ ಹೇಳಿ ಸುಮ್ಮನಾಗದೆ ಅರಸನ ಅಧಿಕಾರಿಗಳು ಊರಿನವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಗೊತ್ತುಮಾಡುತ್ತದೆ. ಒಕ್ಕಲುಗಳು ತೆರಬೇಕಾದದ್ದನ್ನು ಅವರವರ ಶಕ್ತಿಗೆ ತಕ್ಕಂತೆ ವಿಂಗಡಿಸುತ್ತದೆ. ಇನ್ನು ಕೆರೆಗಳಂತೂ ಸರಿಯೆ. ಕೆರೆ ಕಟ್ಟಿದವರಿಗೆ, ಅದನ್ನು ಕಾಪಾಡುವವರಿಗೆ ಬಿಟ್ಟ ಭೂಮಿಯನ್ನು ಹೇಳುವ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ತೂಬು ತೆಗೆದು ಗದ್ದೆಗದ್ದೆಗೆ ನೀರು ಹಾಯಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಸಲ್ಲುತ್ತಿತ್ತು. ಅವನ ಸಂಬಳವೂ ಊರಿನದು, ಅವನ ಮೇಲಿನ ದೂರೂ ಊರಿನೊಳಗೇ.

ಕಾಂಚೀಪುರದ ಬಳಿಯ ಉತ್ತರಮೇರೂರಿನ ಶಾಸನಗಳನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಚೋಳ ಒಂದನೆಯ ಪರಾಂತಕನ ಕಾಲದ, ೯೧೯ ಮತ್ತು ೯೨೧ನೆಯ ಇಸವಿಗಳ ಆ ಶಾಸನಗಳು ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ವಿವರಿಸುತ್ತವೆ. ಊರನ್ನು ೩೦ ಭಾಗ ಮಾಡಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಮಡಕೆಯಲ್ಲಿ ಹಾಕಿ ಕಲಕಿ, ಏನೂ ಅರಿಯದ ಬಾಲಕನೊಬ್ಬನಿಂದ ಓಲೆಯನ್ನು ಎತ್ತಿಸುತ್ತಿದ್ದರು. ಈ ಮಡಕೆಯ ಸ್ವಾರಸ್ಯವನ್ನು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸನ್ನು ಹಿಡಿದದ್ದು ಅನರ್ಹರ ಪಟ್ಟಿ. ಹಿಂದೆ ಯಾವುದಾದರೂ ಸಮಿತಿಯಲ್ಲಿದ್ದು ಲೆಕ್ಕವನ್ನು ಒಪ್ಪಿಸದೆ ಹೋದವನ ಹೆಸರನ್ನು ಮಡಕೆಗೆ ಹಾಕುವಂತಿಲ್ಲ. ಅವನ ಹತ್ತಿರದ ನಂಟರ ಹೆಸರನ್ನೂ ಹಾಕುವಂತಿಲ್ಲ. ಸಾವಿರದ ನೂರು ವರ್ಷಗಳ ಹಿಂದೆ ಈ ನಿಯಮವನ್ನು ಬರೆದವರು ಮನುಷ್ಯಸ್ವಭಾವವನ್ನು, ಅದರಲ್ಲಿಯೂ ಅಳಿಯಂದಿರ ಮತ್ತು ಭಾವಮೈದುನರ ಸ್ವಭಾವವನ್ನು, ಚೆನ್ನಾಗಿ ಕಂಡವರಾಗಿರಬೇಕು.

ಆದರೆ ಅದೇ ಶಾಸನವನ್ನು ಪೂರ್ತಿಯಾಗಿ ಓದಿದವರಿಗೆ ಬೇರೆ ಒಂದು ಸಂಗತಿಯೂ ಕಾಣುತ್ತದೆ. ಮಡಕೆಯೊಳಗೆ ಹೆಸರು ಬೀಳಬೇಕಾದರೆ ತೆರಿಗೆ ತೆರುವ ಸ್ವಂತ ಭೂಮಿ ಇರಬೇಕು, ಸ್ವಂತ ನಿವೇಶನದಲ್ಲಿ ಮನೆ ಇರಬೇಕು, ವೇದ ಬಲ್ಲವನಾಗಿರಬೇಕು. ಅದು ಬ್ರಾಹ್ಮಣರ ಅಗ್ರಹಾರದ ಸಭೆ. ಹೆಂಗಸರಿಗೆ, ಉಳುವವರಿಗೆ, ಹೊಲಗೇರಿಯವರಿಗೆ ಆ ಮಡಕೆ ದೂರ. ನಮ್ಮ ನೀರುಗಂಟಿಯೂ ಬಹುಮಟ್ಟಿಗೆ ದಲಿತ ಕೇರಿಯವನು. ಊರಿಗೆಲ್ಲ ನೀರು ಹಂಚುವವನಿಗೆ ಊರ ಸೇದುವ ಬಾವಿಯ ಹಗ್ಗವನ್ನು ಮುಟ್ಟುವ ಹಕ್ಕಿರಲಿಲ್ಲ. ೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅವರು ಹಳ್ಳಿಯ ಮೇಲಿನ ಈ ಮೋಹವನ್ನು ಬಹಳ ಕಟುವಾಗಿ ಖಂಡಿಸಿದರು. ಹಳ್ಳಿಯೆಂಬುದು ಅಜ್ಞಾನದ, ಸಂಕುಚಿತ ಬುದ್ಧಿಯ ಕೂಪವೆಂಬ ಅಭಿಪ್ರಾಯ ಅವರದು. ಅದೇ ತಿಂಗಳ ೨೨ರಂದು ಕೆ. ಸಂತಾನಂ ಅವರ ಸೂಚನೆಯ ಮೇಲೆ ಗ್ರಾಮ ಪಂಚಾಯಿತಿಗಳ ಸ್ಥಾಪನೆಯ ಮಾತು ಸಂವಿಧಾನದೊಳಗೆ ಬಂದಿತು. ಆದರೆ ನ್ಯಾಯಾಲಯದಲ್ಲಿ ಹಿಡಿದು ಕೇಳಲಾಗದ ನಿರ್ದೇಶಕ ತತ್ತ್ವಗಳ ಸಾಲಿನಲ್ಲಿ, ೪೦ನೆಯ ಅನುಚ್ಛೇದವಾಗಿ. ಗಾಂಧೀಜಿಯವರ ಹಳ್ಳಿ, ಅಂಬೇಡ್ಕರ್ ಅವರ ಹಳ್ಳಿ, ಎರಡೂ ನಿಜವಾದ ಹಳ್ಳಿಗಳೇ. ಒಂದರ ಹೆಸರು ಹೇಳಿ ಇನ್ನೊಂದನ್ನು ಮರೆಮಾಡುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ೧೯೫೨ರ ಗಾಂಧೀ ಜಯಂತಿಯಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಬ್ಲಾಕುಗಳಾದುವು, ಬಿ.ಡಿ.ಒ.ಗಳು ಬಂದರು, ಗ್ರಾಮಸೇವಕರು ಸೈಕಲ್ಲು ತುಳಿದರು. ಐದು ವರ್ಷಗಳಲ್ಲಿ ಜನರ ಉತ್ಸಾಹ ಕಾಣದಾಯಿತು. ಏಕೆಂದು ನೋಡಿ ಹೇಳಲು ನೇಮಿಸಿದ ಬಲವಂತರಾಯ್ ಮೆಹತಾ ಸಮಿತಿಯು ೧೯೫೭ರ ನವೆಂಬರಿನಲ್ಲಿ ಕೊಟ್ಟ ವರದಿಯ ತಿರುಳು ಇಷ್ಟು: ಕೆಲಸವನ್ನು ಹೊರಬಲ್ಲ ಚುನಾಯಿತ ಸಂಸ್ಥೆಯೊಂದನ್ನು ಸ್ಥಳದಲ್ಲಿಯೇ ನಿಲ್ಲಿಸಿ, ಅದಕ್ಕೆ ಅಧಿಕಾರವನ್ನೂ ಹಣವನ್ನೂ ಕೊಡದೆ ಜನರು ತಾವಾಗಿ ಮುಂದೆ ಬರುವುದಿಲ್ಲ. ೧೯೫೯ರ ಅಕ್ಟೋಬರ್ ೨ರಂದು ರಾಜಸ್ಥಾನದ ನಾಗೌರಿನಲ್ಲಿ ನೆಹರೂ ಅವರು ಪಂಚಾಯತ್ ರಾಜ್ಯಕ್ಕೆ ದೀಪ ಹಚ್ಚಿದರು. ಅದೇ ವರ್ಷ ನಮ್ಮ ಅಂದಿನ ಮೈಸೂರು ರಾಜ್ಯದಲ್ಲಿಯೂ ಒಂದು ಕಾಯಿದೆಯಾಯಿತು. ಅದರಂತೆ ತಾಲ್ಲೂಕು ಅಭಿವೃದ್ಧಿ ಮಂಡಲಿಗಳು ಚುನಾಯಿತವಾದುವು. ಜಿಲ್ಲೆಯ ಮಟ್ಟದಲ್ಲಿ ಮಾತ್ರ ಜಿಲ್ಲಾಧಿಕಾರಿಯೇ ಅಧ್ಯಕ್ಷನಾಗಿ ಕುಳಿತ ಒಂದು ಪರಿಷತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಟೀಕೆ ಬೇಕಿಲ್ಲ. ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ನಾನು ವಿಸ್ತರಿಸುವುದಿಲ್ಲ.

ವಿಸ್ತರಿಸಬೇಕಾದದ್ದು ಆಮೇಲಿನ ಕಥೆ. ೧೯೭೮ರಲ್ಲಿ ಅಶೋಕ್ ಮೆಹತಾ ಸಮಿತಿಯು ಜಿಲ್ಲಾ ಪರಿಷತ್ತು, ಅದರ ಕೆಳಗೆ ಕೆಲವು ಹಳ್ಳಿಗಳು ಸೇರಿದ ಮಂಡಲ ಪಂಚಾಯಿತಿ ಎಂಬ ವ್ಯವಸ್ಥೆಯನ್ನು ಸೂಚಿಸಿತು. ೧೯೮೩ರಲ್ಲಿ ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರ ಪಾಲಿಗೆ ಬಂದಿತು. ಬರಗಾಲದ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಯಿಸಿ ‘ನೀರ್ ಸಾಬ್’ ಎನ್ನಿಸಿಕೊಂಡವರು ಅವರು. ಜನರು ಇಟ್ಟ ಬಿರುದು ಅದು. ಯಾವ ಅಕಾಡೆಮಿಯೂ ಕೊಟ್ಟದ್ದಲ್ಲ. ಒಬ್ಬ ಮಂತ್ರಿ ನೀರು ಕೊಟ್ಟು ಹೆಸರು ಪಡೆದಮೇಲೆ ಅಷ್ಟಕ್ಕೇ ತೃಪ್ತನಾಗಬಹುದಿತ್ತು. ಇವರು ತಮ್ಮ ಕೈಯಲ್ಲಿದ್ದುದನ್ನು ಜಿಲ್ಲೆಗಳಿಗೆ ಹಂಚುವ ಕಾಯಿದೆಯನ್ನು ಹಿಡಿದು ಹೊರಟರು. ೧೯೮೩ರಲ್ಲಿ ಮಸೂದೆ ಒಪ್ಪಿಗೆಯಾಗಿ, ರಾಷ್ಟ್ರಪತಿಗಳ ಅಂಕಿತ ೧೯೮೫ರಲ್ಲಿ ದೊರೆತು, ೧೯೮೭ರ ಜನವರಿಯಲ್ಲಿ ಚುನಾವಣೆಗಳು ನಡೆದು, ಆ ವರ್ಷದ ಏಪ್ರಿಲ್ ಒಂದರಿಂದ ೧೯ ಜಿಲ್ಲಾ ಪರಿಷತ್ತುಗಳು ಕೆಲಸಕ್ಕೆ ತೊಡಗಿದುವು.

ಆ ಕಾಯಿದೆಯ ಜೀವಾಳ ಎಲ್ಲಿತ್ತೆಂಬುದನ್ನು ಹೇಳಬೇಕು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯೆಂಬ ಅಧಿಕಾರಿ. ಈತನು ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯ. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ದೊರೆಯಂತಿದ್ದ ಹುದ್ದೆಯ ಕೈಯಿಂದ ಅಭಿವೃದ್ಧಿಯ ಕೆಲಸ ಜಾರಿತು. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಪಶುವೈದ್ಯ, ಸಣ್ಣ ರಸ್ತೆ ಇವುಗಳ ಜಿಲ್ಲಾ ಅಧಿಕಾರಿಗಳು ಚುನಾಯಿತ ಪರಿಷತ್ತಿನ ಮುಂದೆ ಬಂದು ಕುಳಿತು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಯಿತು. ಮಂಡಲ ಪಂಚಾಯಿತಿಯಲ್ಲಿ ನೂರಕ್ಕೆ ೨೫ ಸ್ಥಾನಗಳು ಹೆಂಗಸರಿಗೆ ಮೀಸಲು. ಸಂವಿಧಾನವು ಇದನ್ನು ಹೇಳುವುದಕ್ಕೆ ಆರು ವರ್ಷ ಮೊದಲು.

ಏನಾಯಿತು? ರಿಚರ್ಡ್ ಕ್ರೂಕ್, ಜೇಮ್ಸ್ ಮ್ಯಾನರ್ ಎಂಬ ಇಬ್ಬರು ವಿದ್ವಾಂಸರು ದಕ್ಷಿಣ ಏಷ್ಯಾ ಮತ್ತು ಪಶ್ಚಿಮ ಆಫ್ರಿಕದ ಇಂಥ ಪ್ರಯೋಗಗಳನ್ನು ಹೋಲಿಸಿ ೧೯೯೮ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕರ್ನಾಟಕದ ಈ ಐದು ವರ್ಷಗಳಿಗೆ ಗೌರವದ ಸ್ಥಾನವಿದೆ. ಹಳ್ಳಿಯ ಶಾಲೆಗೆ ಮೇಷ್ಟರು, ಆರೋಗ್ಯ ಕೇಂದ್ರಕ್ಕೆ ವೈದ್ಯರು ಹಿಂದಿಗಿಂತ ಹೆಚ್ಚು ಕ್ರಮವಾಗಿ ಬರತೊಡಗಿದರು. ದೊಡ್ಡ ಕಾಮಗಾರಿಗಳಿಗಿಂತ ಶಾಲೆಗೊಂದು ಕೋಣೆ, ಹಳ್ಳಕ್ಕೊಂದು ಮೋರಿ, ಕೆಟ್ಟ ಪಂಪಿಗೆ ರಿಪೇರಿ ಇಂಥ ಸಣ್ಣ ಕೆಲಸಗಳಿಗೆ ಹಣ ಹರಿಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೇಷ್ಟರು ಬಾರದ ದಿನ ಬೆಂಗಳೂರಿನ ಕಡತಕ್ಕೆ ತಿಳಿಯುವುದಿಲ್ಲ. ಮಂಡಲದ ಸದಸ್ಯನಿಗೆ ತನ್ನ ಮಗಳು ಹನ್ನೊಂದು ಗಂಟೆಗೇ ಮನೆಗೆ ಮರಳಿದಾಗ ತಿಳಿಯುತ್ತದೆ. ಮೇಷ್ಟರ ಕುಲದವನಾಗಿ ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಇನ್ನೊಂದು ಮಾತನ್ನೂ ಅದೇ ಪುಸ್ತಕ ಹೇಳುತ್ತದೆ: ಊರಿಗೆ ಒಟ್ಟಾರೆ ಒಳಿತಾಯಿತಾದರೂ ಊರಿನ ಕಡುಬಡವರಿಗೆಂದೇ ವಿಶೇಷವಾಗಿ ಆದ ಲಾಭ ಸ್ವಲ್ಪ. ಅಂಬೇಡ್ಕರ್ ಅವರ ಸಂಶಯ ಇನ್ನೂ ಬದುಕಿತ್ತೆಂದೇ ಅರ್ಥ.

ನಜೀರ್ ಸಾಬರು ೧೯೮೮ರಲ್ಲಿ ತೀರಿಕೊಂಡರು. ಅವರ ಹೆಸರಿನ ತರಬೇತಿ ಸಂಸ್ಥೆ ಮೈಸೂರಿನಲ್ಲಿದೆ. ೧೯೯೨ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ; ಆಡಳಿತಾಧಿಕಾರಿಗಳು ಬಂದು ಕುಳಿತರು. ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ರುಚಿಸುವುದಿಲ್ಲ, ಇಲಾಖೆಗಳಿಗೆ ತಮ್ಮ ಕಡತ ಕೈಬಿಡುವುದು ರುಚಿಸುವುದಿಲ್ಲ. ಇದು ಒಂದು ಪಕ್ಷದ ದೋಷವೆಂದು ಹೇಳಿದರೆ ಉಳಿದ ಪಕ್ಷಗಳಿಗೆ ಅರ್ಹತೆಗಿಂತ ಹೆಚ್ಚು ಪುಣ್ಯ ಕಟ್ಟಿದಂತಾಗುತ್ತದೆ.

ಒಂದು ಸರ್ಕಾರ ಕೊಟ್ಟದ್ದನ್ನು ಇನ್ನೊಂದು ಸರ್ಕಾರ ಕಿತ್ತುಕೊಳ್ಳದಂತೆ ಮಾಡಬೇಕಾದರೆ ಅದನ್ನು ಸಂವಿಧಾನದಲ್ಲಿಯೇ ಬರೆಯಬೇಕೆಂಬ ವಿಚಾರ ಅಷ್ಟರಲ್ಲಿ ಬಲಿತಿತ್ತು. ೧೯೮೯ರಲ್ಲಿ ರಾಜೀವ್ ಗಾಂಧಿಯವರ ಸರ್ಕಾರ ತಂದ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ೧೯೯೨ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ೭೩ನೆಯ ತಿದ್ದುಪಡಿ ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದಿತು. ಪಟ್ಟಣಗಳಿಗೆ ಸಂಬಂಧಿಸಿದ ೭೪ನೆಯದು ಅದರ ಅವಳಿ.

ಇಲ್ಲಿ ಮತ್ತೆ ಕನ್ನಡದ ಮೇಷ್ಟರ ಕೆಲಸ ಬರುತ್ತದೆ. ಈ ತಿದ್ದುಪಡಿಯಲ್ಲಿ ಎರಡು ಬಗೆಯ ಕ್ರಿಯಾಪದಗಳಿವೆ. ಪಂಚಾಯಿತಿಗಳನ್ನು ರಚಿಸತಕ್ಕದ್ದು, ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆಯನ್ನು ಪೂರೈಸತಕ್ಕದ್ದು, ಮಹಿಳೆಯರಿಗೆ ಮೂರನೆಯ ಒಂದಂಶಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಡತಕ್ಕದ್ದು. ಇವೆಲ್ಲ ‘ತಕ್ಕದ್ದು’ಗಳು. ಆದರೆ ಆ ಪಂಚಾಯಿತಿಗಳಿಗೆ ಯಾವ ಅಧಿಕಾರ ಎಂಬ ಪ್ರಶ್ನೆಗೆ ಬಂದಾಗ, ಅವು ಸ್ವಯಮಾಡಳಿತದ ಸಂಸ್ಥೆಗಳಾಗಿ ಕೆಲಸ ಮಾಡಲು ಬೇಕಾದ ಅಧಿಕಾರಗಳನ್ನು ರಾಜ್ಯದ ಶಾಸನಸಭೆಯು ಕಾನೂನಿನ ಮೂಲಕ ಕೊಡ‘ಬಹುದು’ ಎಂದಿದೆ. ಕೃಷಿಯಿಂದ ಹಿಡಿದು ಸಮುದಾಯದ ಆಸ್ತಿಗಳ ರಕ್ಷಣೆಯವರೆಗೆ ೨೯ ವಿಷಯಗಳ ಪಟ್ಟಿಯೊಂದು ಹನ್ನೊಂದನೆಯ ಅನುಸೂಚಿಯಲ್ಲಿದೆ. ಆ ಇಡೀ ಪಟ್ಟಿ ಈ ‘ಬಹುದು’ವಿನ ಕೊಂಡಿಗೆ ತೂಗುಬಿದ್ದಿದೆ. ಕೊಡಬಹುದೆಂದರೆ ಕೊಡದೆಯೂ ಇರಬಹುದು. ಮೂರು ಅಕ್ಷರಗಳ ಸಹಾಯಕ ಕ್ರಿಯಾಪದವೊಂದು ಇಷ್ಟು ಭಾರವನ್ನು ಹೊತ್ತದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

‘ತಕ್ಕದ್ದು’ಗಳ ಗತಿಯಾದರೂ ಏನು? ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿಯಿತು. ಕ್ಷೇತ್ರಗಳ ಮರುವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ದಾವೆ ಎಂದು ಅನಂತರದ ನಾಲ್ಕು ವರ್ಷ ಚುನಾವಣೆಯಿಲ್ಲದೆಯೇ ಕಳೆದುಹೋದುವು. ಬೆಂಗಳೂರಿನ ಮಹಾನಗರ ಪಾಲಿಕೆಯ ಚುನಾಯಿತ ಸಭೆ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದು, ಐದು ವರ್ಷ ಅಲ್ಲಿಯೂ ಆಡಳಿತಾಧಿಕಾರಿಗಳದೇ ದರ್ಬಾರು. ದೇಶಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟ ನಾಡು ಇದು. ವಿಧಾನಸಭೆಯ ಚುನಾವಣೆಯನ್ನು ನಾಲ್ಕು ವರ್ಷ ಮುಂದಕ್ಕೆ ಹಾಕಿದ್ದರೆ ಬೀದಿಬೀದಿಗಳಲ್ಲಿ ಗಲಾಟೆಯಾಗುತ್ತಿತ್ತು. ಜಿಲ್ಲಾ ಪಂಚಾಯಿತಿಯ ವಿಷಯದಲ್ಲಿ ಪತ್ರಿಕೆಯ ಒಳಪುಟದ ಸುದ್ದಿಯಾಯಿತು. ಅಭ್ಯಾಸವಾದರೆ ಇಲ್ಲದಿರುವಿಕೆಯೂ ಸಹಜವೆನ್ನಿಸುತ್ತದೆ.

ಕೊಡಬಹುದೆಂಬುದನ್ನು ಕೊಡಲೇಬೇಕೆಂದು ಓದಿದ ರಾಜ್ಯವೂ ಒಂದಿದೆ. ನಮ್ಮ ನೆರೆಯ ಕೇರಳದಲ್ಲಿ ೧೯೯೬ರ ಆಗಸ್ಟ್ ೧೭ರಂದು, ಅವರ ಪಂಚಾಂಗದ ಹೊಸ ವರ್ಷದ ದಿನ, ಜನಕೀಯ ಯೋಜನೆಯೆಂಬ ಆಂದೋಲನ ಆರಂಭವಾಯಿತು. ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ ೩೫ರಿಂದ ೪೦ ಭಾಗವನ್ನು ಪಂಚಾಯಿತಿ, ಪುರಸಭೆಗಳಿಗೆ ಬಿಡುವೆವೆಂದು ಸರ್ಕಾರ ಮೊದಲೇ ಸಾರಿಬಿಟ್ಟಿತು. ಇದು ಜಾಣತನದ ಕ್ರಮ. ಊರಿಗೆ ಮೊದಲು ಯೋಗ್ಯತೆ ಬರಲಿ, ಆಮೇಲೆ ಹಣ ಕೊಡೋಣ ಎನ್ನುವವರು ಕೊನೆಯವರೆಗೂ ಕೊಡುವುದಿಲ್ಲ; ಈಜು ಕಲಿತ ಮೇಲೆ ನೀರಿಗೆ ಇಳಿಯೆಂದ ಹಾಗೆ. ಅಲ್ಲಿ ಪ್ರತಿ ಪಂಚಾಯಿತಿಯೂ ಗ್ರಾಮಸಭೆ ಸೇರಿಸಿ, ತನ್ನ ಊರಿನ ಸ್ಥಿತಿಗತಿಗಳ ವರದಿಯೊಂದನ್ನು ಬರೆದು ಅಚ್ಚು ಹಾಕಿಸಿತು. ಆ ವರದಿಗಳಲ್ಲಿ ಊರಿನ ಇತಿಹಾಸಕ್ಕೂ ಒಂದು ಅಧ್ಯಾಯ! ಯೋಜನೆಗಳ ತಾಂತ್ರಿಕ ಸರಿತಪ್ಪುಗಳನ್ನು ನೋಡಲು ಎಂಜಿನಿಯರು ಸಾಲದಾದಾಗ ನಿವೃತ್ತರಾದ ಎಂಜಿನಿಯರುಗಳನ್ನು, ವೈದ್ಯರನ್ನು, ಅಧ್ಯಾಪಕರನ್ನು ಕರೆದರು. ಅವರು ಸಂಬಳವಿಲ್ಲದೆ ಬಂದು ಕುಳಿತರು. ಆರೋಗ್ಯ ಕೇಂದ್ರ, ಶಾಲೆ, ಕೃಷಿಭವನಗಳು ಪಂಚಾಯಿತಿಯ ಕೈಗೆ ಬಂದುವು.

ಸಾಹಿತ್ಯಾಸಕ್ತರಿಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. ಈ ಆಂದೋಲನಕ್ಕೆ ಕಾರ್ಯಕರ್ತರನ್ನು ಒದಗಿಸಿದ್ದು ಬಹುಪಾಲು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು. ೧೯೬೨ರಲ್ಲಿ ಮಲಯಾಳದಲ್ಲಿ ವಿಜ್ಞಾನ ಬರೆಯುವ ಕೆಲವರು ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ತಾಯ್ನುಡಿಯಲ್ಲಿ ಬರೆಯಲು ಹೊರಟವರು, ಬರೆದದ್ದನ್ನು ಓದುವವರ ಊರಿಗೆ ಹೋಗಿ, ಊರಿನ ಬಾವಿಯ ನೀರನ್ನು ಅಳೆದು, ನಕ್ಷೆ ಬರೆದು, ಕೊನೆಗೆ ಆಡಳಿತದ ಭಾಷೆಯನ್ನೇ ಜನರ ನಾಲಗೆಗೆ ತಿರುಗಿಸಿದರು. ಆಡಳಿತ ಕನ್ನಡವೆಂದರೆ ಇಂಗ್ಲಿಷ್ ಸುತ್ತೋಲೆಯನ್ನು ಸಂಸ್ಕೃತಕ್ಕೆ ತಿರುಗಿಸಿ ಕನ್ನಡ ಪ್ರತ್ಯಯ ಹಚ್ಚುವುದೆಂದು ತಿಳಿದಿರುವ ನಮ್ಮವರು ಅವರನ್ನು ಒಮ್ಮೆ ನೋಡಿ ಬರಬೇಕು. ೨೦೨೦ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಕೇರಳದ ಪಂಚಾಯಿತಿಗಳು ಕೆಲವೇ ದಿನಗಳಲ್ಲಿ ಸಮುದಾಯ ಅಡುಗೆಮನೆಗಳನ್ನು ನಡೆಸಿದುವು. ಆ ಶಕ್ತಿ ಒಂದು ಆದೇಶದಿಂದ ಒಂದು ವಾರದಲ್ಲಿ ಬಂದದ್ದಲ್ಲ. ಅದರ ಹಿಂದೆ ೨೪ ವರ್ಷದ ಪಳಗಿದ ಕೈಯಿತ್ತು.

ಹಣದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಂಚಾಯಿತಿಗೆ ಬರುವ ಹಣದಲ್ಲಿ ಎರಡು ಬಗೆ. ಒಂದು, ಇದನ್ನು ಇಂಥದಕ್ಕೇ ಖರ್ಚು ಮಾಡಬೇಕೆಂದು ಕಟ್ಟಿ ಕಳುಹಿಸಿದ್ದು. ಇನ್ನೊಂದು, ನಿಮಗೆ ಬೇಕಾದದ್ದಕ್ಕೆ ಬಳಸಿಕೊಳ್ಳಿರೆಂದು ಬಿಚ್ಚುಗೈಯಿಂದ ಕೊಟ್ಟದ್ದು. ಹದಿನೈದನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರವರೆಗಿನ ಐದು ವರ್ಷಗಳಿಗೆ ಗ್ರಾಮೀಣ ಸಂಸ್ಥೆಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ನೂರಕ್ಕೆ ೬೦ ಭಾಗ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟುಬಿದ್ದದ್ದು. ೪೦ ಭಾಗ ಬಿಡಿ. ನೀರು, ನೈರ್ಮಲ್ಯ ಬೇಡವೆಂದು ಯಾರೂ ಹೇಳಲಾರರು. ಆದರೆ ನೀರಿಗೆ ಕೊರತೆಯಿಲ್ಲದ, ದಾರಿಗೆ ಸೇತುವೆಯಿಲ್ಲದ ಮಲೆನಾಡಿನ ಹಳ್ಳಿಯೂ, ಸೇತುವೆಗೆ ಹಳ್ಳವೇ ಇಲ್ಲದ, ನೀರಿಗೆ ಬಾಯಿಬಿಡುವ ಬಯಲುಸೀಮೆಯ ಹಳ್ಳಿಯೂ ಒಂದೇ ಪಟ್ಟಿ ಹಿಡಿದು ನಿಲ್ಲಬೇಕಾಗುತ್ತದೆ. ಸೊಸೆಗೆ ಸಂತೆಯ ಹಣವನ್ನು ಕೊಟ್ಟು, ಜೊತೆಯಲ್ಲಿ ತೂಕದ ಸಮೇತ ಪಟ್ಟಿಯನ್ನೂ ಕೊಟ್ಟು, ಮನೆಯ ಯಜಮಾನಿಕೆಯೆಲ್ಲ ಅವಳದೇ ಎಂದು ಅತ್ತೆ ನೆರೆಹೊರೆಗೆ ಹೇಳಿಕೊಂಡು ಬಂದರೆ ಹೇಗೆ!

ನೌಕರರ ವಿಷಯವೂ ಹಾಗೆಯೇ. ನೇಮಕ ಒಬ್ಬರದು, ವರ್ಗಾವಣೆ ಮತ್ತೊಬ್ಬರದು, ಸಂಬಳ ಖಜಾನೆಯದು. ಪಂಚಾಯಿತಿಯ ಪಾಲಿಗೆ ಉಳಿಯುವುದು ಬೆಳಗಿನ ನಮಸ್ಕಾರ ಮಾತ್ರ.

ಈಗ ನಾನು ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. ಊರಿನ ಕೈಗೆ ಅಧಿಕಾರ ಬಂದರೆ ಊರಿನ ಗೌಡನ ಕೈಗೇ ಬಂದಂತಲ್ಲವೆ ಎಂಬ ಸಂದೇಹ ನ್ಯಾಯವಾದದ್ದು. ಹೆಂಡತಿಯ ಹೆಸರಿನಲ್ಲಿ ಗಂಡ ಸಭೆ ನಡೆಸುವುದನ್ನು, ಅಧ್ಯಕ್ಷೆಯು ಬಾಗಿಲ ಮರೆಯಲ್ಲಿ ನಿಂತಿರುವುದನ್ನು ಕಣ್ಣಾರೆ ಕಂಡವರಿದ್ದಾರೆ. ಮೀಸಲಾತಿ ಇದಕ್ಕೆ ಅರ್ಧ ಔಷಧ. ೨೦೧೦ರಲ್ಲಿ ಕರ್ನಾಟಕವು ಹೆಂಗಸರ ಪಾಲನ್ನು ಅರ್ಧಕ್ಕೆ ಏರಿಸಿತು. ಬಾಗಿಲ ಮರೆಯವರು ಮೊದಲ ವರ್ಷ ಸಹಿ ಹಾಕುತ್ತಾರೆ, ಎರಡನೆಯ ವರ್ಷ ಸಹಿ ಹಾಕುವ ಮೊದಲು ಏನೆಂದು ಕೇಳುತ್ತಾರೆ, ಮೂರನೆಯ ವರ್ಷ ಗಂಡನನ್ನು ಹೊರಗೆ ಕೂರಿಸುತ್ತಾರೆ. ಎಲ್ಲ ಕಡೆಯೂ ಹೀಗಾಗುತ್ತದೆಂದಲ್ಲ. ಆದ ಕಡೆಯನ್ನು ನಾನು ನೋಡಿದ್ದೇನೆ.

ಉಳಿದರ್ಧ ಔಷಧ ಲೆಕ್ಕ. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ೧೯೯೪ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಒಂದು ಸಭೆ ಸೇರಿಸಿದರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ೧೯೯೦ರಲ್ಲಿ ಕಟ್ಟಿದ ಸಂಘಟನೆ ಅದು. ಆ ಸಭೆಯಲ್ಲಿ ಭಾಷಣ ಮುಖ್ಯವಾಗಿರಲಿಲ್ಲ, ಘೋಷಣೆ ಮುಖ್ಯವಾಗಿರಲಿಲ್ಲ. ಕಾಮಗಾರಿಯ ಹಾಜರಿ ಪಟ್ಟಿಯನ್ನೂ ಬಿಲ್ಲುಗಳನ್ನೂ ಊರಿನವರ ಮುಂದೆ ಗಟ್ಟಿಯಾಗಿ ಓದಿದರು, ಅಷ್ಟೆ. ಇಂಥವನು ಇಷ್ಟು ದಿನ ಕೂಲಿ ಮಾಡಿದ, ಇಷ್ಟು ಹಣ ಪಡೆದ. ಆ ಇಂಥವನು ಎದುರಿಗೇ ಕುಳಿತಿದ್ದಾನೆ. ಎದ್ದು ನಿಂತು ತಾನು ಆ ಕೆಲಸಕ್ಕೆ ಹೋದದ್ದೇ ಇಲ್ಲವೆನ್ನುತ್ತಾನೆ. ಓದು ಬರಹ ಬಾರದ ಜನರ ನಡುವೆ ಬರಹದ ಸುಳ್ಳನ್ನು ಹೊರಗೆಳೆದದ್ದು ಗಟ್ಟಿಯಾದ ಓದು. ಗಮಕಿಯ ದನಿಯಲ್ಲಿ ಕಾವ್ಯ ಕೇಳಿ ಬೆಳೆದ ನಮ್ಮ ಹಳ್ಳಿಗಳಿಗೆ ಇದರ ಬಲ ತಿಳಿಯದ್ದಲ್ಲ. ೧೯೯೬ರಲ್ಲಿ ಬ್ಯಾವರಿನಲ್ಲಿ ಅವರು ನಡೆಸಿದ ಧರಣಿಯ ಕೂಗು ‘ನಮ್ಮ ಹಣ, ನಮ್ಮ ಲೆಕ್ಕ’. ಆ ಕೂಗಿನ ದಾರಿಯಲ್ಲಿಯೇ ೨೦೦೦ದಲ್ಲಿ ನಮ್ಮ ರಾಜ್ಯಕ್ಕೂ ೨೦೦೫ರಲ್ಲಿ ದೇಶಕ್ಕೂ ಮಾಹಿತಿ ಹಕ್ಕಿನ ಕಾಯಿದೆಗಳು ಬಂದುವು. ೨೦೦೫ರ ಉದ್ಯೋಗ ಖಾತರಿ ಕಾಯಿದೆಯೂ ಗ್ರಾಮಸಭೆಯ ಮುಂದೆ ಲೆಕ್ಕ ಪರಿಶೋಧನೆಯಾಗಬೇಕೆಂದು ಹೇಳಿತು. ಉತ್ತರಮೇರೂರಿನ ಕಲ್ಲಿನಲ್ಲಿದ್ದ ನಿಯಮ, ಭೂಮಿಯೂ ವೇದವೂ ಇಲ್ಲದವರ ಬಾಯಿಂದ ಮತ್ತೆ ಹೊರಬಂದಿತು. ಅಂಬೇಡ್ಕರ್ ಅವರ ಹಳ್ಳಿ ತನ್ನ ಮಾತನ್ನು ತಾನೇ ಆಡತೊಡಗಿದ ಗಳಿಗೆಯೆಂದು ನಾನು ಅದನ್ನು ಕರೆಯುತ್ತೇನೆ.

ನಮ್ಮಲ್ಲಿಯೂ ಗ್ರಾಮಸಭೆಗಳಿವೆ, ಅದಕ್ಕೂ ಕೆಳಗೆ ವಾರ್ಡು ಸಭೆ, ವಸತಿ ಸಭೆಗಳಿವೆ. ಹಲವು ಕಡೆ ಅವು ನಡೆದುವೆಂದು ಪುಸ್ತಕದಲ್ಲಿ ಬರೆಯುವುದಕ್ಕಾಗಿ ನಡೆಯುತ್ತವೆ. ಕೋರಂ ಸಾಲದಾದರೆ ಪಂಚಾಯಿತಿಯ ಜವಾನ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಾನೆ. ಆದರೂ ಒಂದು ಊರಿನ ಸಭೆಯಲ್ಲಿ, ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಗ, ಹಿಂದಿನ ಸಭೆಯ ನಡವಳಿಯನ್ನು ಓದಿ ಮುಗಿಸುತ್ತಲೇ ಎದ್ದ ಮುದುಕಿಯೊಬ್ಬಳು, “ಸಾಮಿ, ನಮ್ ಕೇರಿ ತೊಂಬೆ ನಲ್ಲಿ ಹಾಕ್ಸಿವ್ನಿ ಅಂತ ಓದುದ್ರಲ್ಲ, ಅದ್ಯಾವ ಕೇರೀಲಿ ಹಾಕ್ಸುದ್ರಿ?” ಎಂದು ಕೇಳಿದಳು. ಸಭೆ ನಕ್ಕಿತು. ಕಾರ್ಯದರ್ಶಿಗಳು ನಗಲಿಲ್ಲ. ಮುಂದಿನ ಅರ್ಧ ಗಂಟೆ ಅಲ್ಲಿ ನಡೆದದ್ದು ನಿಜವಾದ ಸಭೆ.

ಪಟ್ಟಣದ ಓದುಗರಿಗೆ ಇನ್ನೊಂದು ಉದಾಹರಣೆ ಹತ್ತಿರವಾದೀತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಂಥಾಲಯಗಳು ಬಹುಕಾಲ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದ್ದುವು. ಅಲ್ಪ ಗೌರವಧನದ ಮೇಲ್ವಿಚಾರಕ, ದಿನಕ್ಕೆ ಕೆಲವೇ ಗಂಟೆ ತೆರೆಯುವ ಬಾಗಿಲು, ಹಳೆಯ ಪತ್ರಿಕೆಗಳು. ೨೦೧೯ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಯ ಮೂಲಕ ಪಂಚಾಯಿತಿಗಳ ಮಡಿಲಿಗೆ ಬಂದುವು. ಮರುವರ್ಷವೇ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಟ್ಟು, ಪುಸ್ತಕಗಳನ್ನು ಕೈಗೆ ಸಿಗುವಂತೆ ಮಾಡಿದರು. ಗ್ರಂಥಾಲಯ ಎಷ್ಟು ಹೊತ್ತಿಗೆ ತೆರೆಯಬೇಕೆಂಬುದನ್ನು ಅಲ್ಲಿ ಓದಲು ಬರುವ ಹುಡುಗಿಯ ತಾಯಿ ಪಂಚಾಯಿತಿಯಲ್ಲಿ ಕೇಳಬಹುದಾಯಿತು. ಎಲ್ಲ ಪಂಚಾಯಿತಿಗಳೂ ಒಂದೇ ಸಮನಾಗಿ ಮಾಡಿಲ್ಲ. ಮಾಡಿದವುಗಳಿಗೂ ಮಾಡದವುಗಳಿಗೂ ಇರುವ ಭೇದ ಅಲ್ಲಿಯವರ ಕಣ್ಣಿಗೇ ಬೀಳುತ್ತದೆ, ಪಕ್ಕದ ಊರಿನವರು ಅದನ್ನು ಆಡಿ ತೋರಿಸುತ್ತಾರೆ; ಇಷ್ಟಾದರೂ ಲಾಭವೇ.

ನಾವು ಪಟ್ಟಣಿಗರು ಮನೆಯ ಕಂದಾಯ ಕಟ್ಟುವಾಗ ೧೯೬೫ರ ಗ್ರಂಥಾಲಯ ಕಾಯಿದೆಯ ಪ್ರಕಾರ ಪ್ರತಿ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಪುರಸಭೆ ಅದನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಎಷ್ಟು ಬಂದಿತು, ಎಷ್ಟು ಒಪ್ಪಿಸಲಾಯಿತು, ಯಾವ ಪುಸ್ತಕ ಕೊಂಡರು, ನಮ್ಮ ಬಡಾವಣೆಯ ವಾಚನಾಲಯದ ಬಾಗಿಲು ಸಂಜೆ ಐದಕ್ಕೇ ಏಕೆ ಮುಚ್ಚುತ್ತದೆ ಎಂದು ಕೇಳಲು ನನ್ನ ವಾರ್ಡಿನಲ್ಲಿ ಇದುವರೆಗೆ ಒಂದು ಸಭೆಯೂ ಕೂಡಿಲ್ಲ. ರಸೀದಿಗಳನ್ನು ನಾನು ಜೋಡಿಸಿ ಇಟ್ಟಿದ್ದೇನೆ.